ಗಪ್ಪಿ, ಟಿ-38 ಮತ್ತು ಗೋಕುಲ ರಸ್ತೆಯ ಎಟಿಆರ್: ವಿಮಾನಗಳ ಫೋಟೊ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಹೂಸ್ಟನ್ ನಗರದ ಎಲಿಂಗ್ಟನ್ ವಿಮಾನ ನೆಲೆಯಲ್ಲಿ ನಾನು ತೆಗೆದ ನಾಸಾ ವಿಮಾನಗಳ ಚಿತ್ರಗಳನ್ನು ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಶಾಲೆಗಳಲ್ಲಿ ಮತ್ತು ಪರಿಚಯದವರ ಮನೆಗಳಲ್ಲಿ ತೋರಿಸುತ್ತಾ ಬಂದಿದ್ದೇನೆ. ಚಿತ್ರ ನೋಡಿದವರು ಅಲ್ಲೇ ಕೇಳಿದ್ದನ್ನೂ ಆಮೇಲೆ ಪತ್ರ ಬರೆದು ಕೇಳಿದ್ದನ್ನೂ ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲ ಪರಿಚಯ

"ಕಾಕಾ, ಇದು ನಿಜವಾದ ವಿಮಾನವೇ? ಕಂಪ್ಯೂಟರಿನಲ್ಲಿ ಉಬ್ಬಿಸಿದ್ದಲ್ಲವೇ?"

ನಿಜವಾದದ್ದೇ. ಇದರ ಹೆಸರು ಸೂಪರ್ ಗಪ್ಪಿ. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಸರಕು ವಿಮಾನ, ನೋಂದಣಿ ಸಂಖ್ಯೆ ಎನ್‌941ಎನ್‌ಎ.

1960ರ ದಶಕದ ಆರಂಭದಲ್ಲಿ ಚಂದ್ರಯಾನದ ರಾಕೆಟ್ಟಿನ ಕೆಲವು ಹಂತಗಳು ಕ್ಯಾಲಿಫೋರ್ನಿಯಾದಲ್ಲಿ ತಯಾರಾಗುತ್ತಿದ್ದವು. ಅವನ್ನು ಹಾರಿಸಬೇಕಾಗಿದ್ದುದು ದೇಶದ ಇನ್ನೊಂದು ತುದಿಯ ಫ್ಲಾರಿಡಾದಲ್ಲಿ. ಅಷ್ಟು ದಪ್ಪದ ವಸ್ತುವಿಗೆ ರೈಲು ಸುರಂಗದಲ್ಲಿ ದಾರಿಯಿಲ್ಲ, ರಸ್ತೆ ಸೇತುವೆಯ ಕೆಳಗೂ ದಾರಿಯಿಲ್ಲ. ಹಡಗಿನಲ್ಲಿ ಪನಾಮಾ ಕಾಲುವೆಯ ಮೂಲಕ ಕಳುಹಿಸಿದರೆ ವಾರಗಟ್ಟಲೆ ಕಾಯಬೇಕು. ಆಗ ಹಳೆಯ ಬೋಯಿಂಗ್ 377 ಸ್ಟ್ರಾಟೊಕ್ರೂಸರ್ ಪ್ರಯಾಣಿಕ ವಿಮಾನದ ಮೈಯನ್ನು ಮೇಲಕ್ಕೆ ಹಿಗ್ಗಿಸಿ 1962ರಲ್ಲಿ ಮೊದಲ ಗಪ್ಪಿಯನ್ನು ಹಾರಿಸಿದರು. ಇನ್ನೂ ದೊಡ್ಡದಾದ ಸೂಪರ್ ಗಪ್ಪಿ 1965ರಲ್ಲಿ ಬಂತು. ಚಂದ್ರಯಾನದ ಸ್ಯಾಟರ್ನ್ 5 ರಾಕೆಟ್ಟಿನ ಮೂರನೆಯ ಹಂತವನ್ನು ಹೊತ್ತು ಸಾಗಿಸಿದ್ದು ಅದೇ.

ಈಗ ಹಾರುತ್ತಿರುವ ವಿಮಾನ ಅದೇ ವಂಶದ್ದು. ಯೂರೋಪಿನಲ್ಲಿ ಏರ್‌ಬಸ್ ಕಂಪನಿಯ ರೆಕ್ಕೆ ಮತ್ತು ಒಡಲಿನ ಭಾಗಗಳನ್ನು ಹೊತ್ತು ಬಹಳ ವರ್ಷ ದುಡಿದು, 1997ರಲ್ಲಿ ನಾಸಾದ ಕೈಸೇರಿತು. ಸರಕು ಇಡುವ ಜಾಗದ ಅಗಲ 25 ಅಡಿ. ಹಳೆಯ ವಾಡೆಯ ತಲೆಬಾಗಿಲಿನಂತೆ ಇದರ ಮೂತಿಯೇ ಪಕ್ಕಕ್ಕೆ ತೆರೆದುಕೊಳ್ಳುತ್ತದೆ, ಅದೂ 110 ಡಿಗ್ರಿಯಷ್ಟು. ಚಾಲಕರ ಕೋಣೆ ಕೂಡ ಆ ಮೂತಿಯ ಜೊತೆಯಲ್ಲೇ ತಿರುಗುತ್ತದೆ! ಹಾಗಾಗಿ ತೆರೆಯುವ ಮೊದಲು ಚಾಲಕರ ಕೋಣೆಗೂ ರೆಕ್ಕೆ-ಬಾಲಗಳಿಗೂ ನಡುವಿನ ಸಂಪರ್ಕಗಳನ್ನು ಬಿಡಿಸಬೇಕು, ಮುಚ್ಚಿದ ಮೇಲೆ ಮತ್ತೆ ಜೋಡಿಸಿ ಪರೀಕ್ಷಿಸಬೇಕು.

"ರಾಕೆಟ್ ಏರುವವರಿಗೆ ಈ ಸಣ್ಣ ಜೆಟ್ ಏಕೆ ಬೇಕು, ಸರ್?"

ಬಿಳಿ ಮೈ, ನೀಲಿ ಪಟ್ಟೆಯ ಆ ಜೆಟ್ ಟಿ-38. ನಾರ್ಥ್ರಾಪ್ ಕಂಪನಿಯ ವಿನ್ಯಾಸ. ಮೊದಲು ಹಾರಿದ್ದು 1959ರಲ್ಲಿ. ಎರಡು ಎಂಜಿನ್, ಒಂದರ ಹಿಂದೊಂದು ಎರಡು ಆಸನ, ಶಬ್ದಕ್ಕಿಂತ ಹೆಚ್ಚಿನ ವೇಗ.

ನೆಲದ ಮೇಲೆಯೇ ಹಾರಾಟ ಅಭ್ಯಾಸ ಮಾಡಿಸುವ ಸಿಮ್ಯುಲೇಟರಿನಲ್ಲಿ ಎಡವಿದರೆ ಗುಂಡಿ ಒತ್ತಿ ಮೊದಲಿನಿಂದ ಶುರು ಮಾಡಬಹುದು. ಟಿ-38ರಲ್ಲಿ ಇಂಧನ ನಿಜವಾಗಿ ಮುಗಿಯುತ್ತದೆ, ಮೋಡ ನಿಜವಾಗಿ ಎದುರಾಗುತ್ತದೆ, ರೇಡಿಯೊದಲ್ಲಿ ಕೇಳಿದ ಪ್ರಶ್ನೆಗೆ ಆ ಕ್ಷಣದಲ್ಲೇ ಉತ್ತರ ಕೊಡಬೇಕು. ಮುಂದೆ ಕುಳಿತವರೂ ಹಿಂದೆ ಕುಳಿತವರೂ ಕೆಲಸ ಹಂಚಿಕೊಂಡು, ಒತ್ತಡದಲ್ಲೂ ತಲೆ ತಣ್ಣಗಿಟ್ಟು ನಿರ್ಧರಿಸುವುದನ್ನು ಇದು ಕಲಿಸುತ್ತದೆ. ಗಗನಯಾತ್ರಿಗಳಲ್ಲಿ ವಿಜ್ಞಾನಿಗಳೂ ವೈದ್ಯರೂ ಇರುತ್ತಾರೆ. ಅವರು ಹಿಂದಿನ ಆಸನದಲ್ಲಿ ಕುಳಿತು ಸಂಚಾರ ಮಾರ್ಗ, ಸಂವಹನದ ಕೆಲಸ ನೋಡಿಕೊಳ್ಳುತ್ತಾರೆ.

"ಕಲ್ಪನಾ ಚಾವ್ಲಾ ಇದರಲ್ಲಿ ಹಾರಿದ್ದರೇ? ನಮ್ಮ ಶುಭಾಂಶು ಶುಕ್ಲಾ?"

ಕಲ್ಪನಾ ಚಾವ್ಲಾ ಮತ್ತು ಸುನಿತಾ ವಿಲಿಯಮ್ಸ್ ಇಬ್ಬರೂ ನಾಸಾದ ಗಗನಯಾತ್ರಿಗಳಾಗಿ ಟಿ-38ರಲ್ಲಿ ತರಬೇತಿ ಪಡೆದವರು. 2025ರ ಜೂನ್ 25ರಂದು ಆಕ್ಸಿಯಮ್-4 ಯಾನದಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟ ಶುಭಾಂಶು ಶುಕ್ಲಾ ಅವರ ಬುನಾದಿ ನಮ್ಮ ವಾಯುಪಡೆಯಲ್ಲೇ ಆದದ್ದು. ಸುಖೋಯ್-30, ಮಿಗ್-21, ಜಾಗ್ವಾರ್, ಹಾಕ್ ಮುಂತಾದ ವಿಮಾನಗಳನ್ನು ಹಾರಿಸಿದ ಪರೀಕ್ಷಾ ಚಾಲಕ ಅವರು. ಹಾಕ್ ಎಂದರೆ ಬೀದರದ ವಾಯುನೆಲೆಯಲ್ಲಿ ಯುವ ಚಾಲಕರಿಗೆ ಯುದ್ಧವಿಮಾನ ಕಲಿಸುವ ಜೆಟ್. ಟಿ-38ರ ಚಿತ್ರ ನೋಡಿ ಬೆರಗಾಗುವ ಮಕ್ಕಳಿಗೆ ಬೀದರದ ಹೆಸರನ್ನು ನಾನು ಮರೆಯದೆ ಹೇಳುತ್ತೇನೆ. ಆ ಬಗೆಯ ಕಲಿಕೆ ನಮ್ಮ ರಾಜ್ಯದಲ್ಲೇ ನಡೆಯುತ್ತಿದೆ ಎಂಬುದು ಅವರಿಗೆ ಗೊತ್ತಿರಬೇಕು.

"ಹೂಸ್ಟನ್‌ಗೆ ಮಗಳ ಮನೆಗೆ ಹೋಗುತ್ತಿದ್ದೇವೆ. ಇವನ್ನೆಲ್ಲ ಎಲ್ಲಿ ನೋಡಬಹುದು?"

ಎಲಿಂಗ್ಟನ್ ಇರುವುದು ನಗರದ ಆಗ್ನೇಯ ದಿಕ್ಕಿನಲ್ಲಿ, ನಾಸಾದ ಜಾನ್ಸನ್ ಕೇಂದ್ರಕ್ಕೆ ಹತ್ತಿರ. ಟಿ-38ಗಳ ಜೊತೆಗೆ, 60,000 ಅಡಿ ಎತ್ತರಕ್ಕೆ ಏರಬಲ್ಲ ಉದ್ದ ರೆಕ್ಕೆಯ ಡಬ್ಲ್ಯುಬಿ-57 ಸಂಶೋಧನಾ ವಿಮಾನಗಳ ಮನೆಯೂ ಅದೇ. ಸೂಪರ್ ಗಪ್ಪಿಯ ಕಾಯಂ ನೆಲೆ ಟೆಕ್ಸಸ್‌ನ ಪಶ್ಚಿಮ ತುದಿಯ ಎಲ್ ಪಾಸೊ. ಎಲಿಂಗ್ಟನ್‌ಗೆ ಅದು ಕೆಲಸವಿದ್ದಾಗ ಮಾತ್ರ ಬರುತ್ತದೆ. ಹಾಗಾಗಿ ಅದನ್ನೇ ನಂಬಿ ಪ್ರವಾಸ ಇಟ್ಟುಕೊಳ್ಳಬೇಡಿ.

ಖಾತ್ರಿಯಾಗಿ ಸಿಗುವ ಎರಡು ಜಾಗ ಹೇಳುತ್ತೇನೆ. ಸ್ಪೇಸ್ ಸೆಂಟರ್ ಹೂಸ್ಟನ್ ಎಂಬ ವೀಕ್ಷಕರ ಕೇಂದ್ರದ ಅಂಗಳದಲ್ಲಿ, ಗಗನಯಾತ್ರಿಗಳನ್ನು ಬಾಹ್ಯಾಕಾಶಕ್ಕೆ ಒಯ್ದು ಮರಳಿ ತರುತ್ತಿದ್ದ ಷಟಲ್ ನೌಕೆಯನ್ನು ಬೆನ್ನ ಮೇಲೆ ಹೊತ್ತು ಹಾರುತ್ತಿದ್ದ ಬೋಯಿಂಗ್ 747 ನಿಂತಿದೆ. ಅದರ ಮೇಲಿರುವುದು ಷಟಲ್‌ನ ಪೂರ್ಣ ಗಾತ್ರದ ಮಾದರಿ, ಒಳಗೂ ಹೋಗಬಹುದು. ಇನ್ನೊಂದು, ಆರಿಜೋನಾ ರಾಜ್ಯದ ಟೂಸಾನ್‌ನಲ್ಲಿರುವ ಪೀಮಾ ವಿಮಾನ ಸಂಗ್ರಹಾಲಯ. 1965ರ ಮೂಲ ಸೂಪರ್ ಗಪ್ಪಿ ಅಲ್ಲೇ ವಿಶ್ರಾಂತಿ ಪಡೆಯುತ್ತಿದೆ. ಮೂತಿಯ ಕೆಳಗೇ ನಿಂತು ತಲೆ ಎತ್ತಿ ನೋಡಬಹುದು. ಗಾತ್ರ ಏನೆಂದು ಆಗಲೇ ಅರ್ಥವಾಗುವುದು, ಯಾವ ಚಿತ್ರವೂ ಅದನ್ನು ಪೂರ್ತಿ ಹೇಳಲಾರದು. ಶರತ್ಕಾಲದಲ್ಲಿ ಹೋಗುವವರು ಎಲಿಂಗ್ಟನ್‌ನಲ್ಲಿ ನಡೆಯುವ ವಿಂಗ್ಸ್ ಓವರ್ ಹೂಸ್ಟನ್ ವಿಮಾನ ಪ್ರದರ್ಶನದ ದಿನಾಂಕವನ್ನೂ ನೋಡಿಕೊಳ್ಳಿ.

"ತೂಕವೇ ಇಲ್ಲದ ಹಾಗೆ ತೇಲಾಡಿಸುವ ವಿಮಾನ ಯಾವುದು?"

ದೊಡ್ಡ ಜೆಟ್ಟನ್ನು ಕಡಿದಾಗಿ ಮೇಲಕ್ಕೇರಿಸಿ, ಕಮಾನಿನಾಕಾರದಲ್ಲಿ ತಿರುಗಿಸಿ ಕೆಳಗಿಳಿಸಿದರೆ, ಕಮಾನಿನ ಮೇಲ್ಭಾಗದಲ್ಲಿ ಸುಮಾರು 25 ಸೆಕೆಂಡು ಒಳಗಿದ್ದವರು ತೇಲುತ್ತಾರೆ. ನಾಸಾ ಇದಕ್ಕೆ ಬಹುಕಾಲ ಬಳಸಿದ್ದು ಕೆಸಿ-135. ನಿವೃತ್ತಿಯಾದ ಅಂಥ ಒಂದು ವಿಮಾನವನ್ನು ಎಲಿಂಗ್ಟನ್‌ನಲ್ಲೇ ನೋಡಲು ಇಟ್ಟಿದ್ದಾರೆ.

ನನಗೆ ಇದಕ್ಕಿಂತ ಹೆಚ್ಚು ಇಷ್ಟ, ಷಟಲ್ ಇಳಿಸುವುದನ್ನು ಕಲಿಸುತ್ತಿದ್ದ ಗಲ್ಫ್‌ಸ್ಟ್ರೀಮ್-2. ಹೊರಗಿನಿಂದ ಸಾಹುಕಾರರ ಖಾಸಗಿ ವಿಮಾನದಂತೆ ಕಾಣುತ್ತದೆ. ಆದರೆ ಷಟಲ್ ಇಳಿಯುವಾಗ ಅದಕ್ಕೆ ಎಂಜಿನ್ನಿನ ಬಲವಿರುವುದಿಲ್ಲ, ಬಹಳ ಕಡಿದಾಗಿ ಕೆಳಗೆ ಬರುತ್ತದೆ. ಅದನ್ನು ಅನುಕರಿಸಲು ಈ ವಿಮಾನ ಆಕಾಶದಲ್ಲೇ ಹಿಂದಿನ ಚಕ್ರಗಳನ್ನು ಇಳಿಬಿಟ್ಟು, ಎಂಜಿನ್ನುಗಳನ್ನು ಹಿಮ್ಮುಖವಾಗಿ ನಡೆಸಿ, ಬೇಕೆಂದೇ ಕುಸಿಯುತ್ತಿತ್ತು. ಷಟಲ್ ಕಮಾಂಡರ್ ಆಗುವವರು ಇದರಲ್ಲಿ ಕನಿಷ್ಠ 1,000 ಬಾರಿ ಇಳಿಯುವ ಅಭ್ಯಾಸ ಮುಗಿಸಿರಬೇಕಿತ್ತು. ಟಿವಿಯಲ್ಲಿ ನಾವು ನೋಡಿದ ಒಂದೊಂದು ನಯವಾದ ಇಳಿತದ ಹಿಂದೆ ಅಷ್ಟು ದುಡಿಮೆ ಇತ್ತು.

## ನಿಯಮ, ಅನುಮತಿ

"ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣದ ಬಳಿ ಕ್ಯಾಮೆರಾ ಹಿಡಿದು ನಿಂತರೆ ಪೊಲೀಸರು ಕೇಳುತ್ತಾರೆಯೇ?"

ಕೇಳಬಹುದು, ಕೇಳುವುದು ಅವರ ಕರ್ತವ್ಯ. ಸರ್ಕಾರಿ ವಿಮಾನ ನಿಲ್ದಾಣದ ಒಳಗೆ ಲಿಖಿತ ಅನುಮತಿಯಿಲ್ಲದೆ ಫೋಟೊ ತೆಗೆಯುವುದನ್ನು 1937ರ ವಿಮಾನ ನಿಯಮಗಳ 13ನೆಯ ನಿಯಮ ತಡೆಯುತ್ತದೆ. ಪ್ರಯಾಣಿಕರು ಪ್ರಯಾಣದ ವೇಳೆ ತೆಗೆಯುವ ಸಾಮಾನ್ಯ ಚಿತ್ರಗಳಿಗೆ ವಿಮಾನಯಾನ ಮಹಾನಿರ್ದೇಶನಾಲಯ ವಿನಾಯಿತಿ ಕೊಟ್ಟಿದೆ. ಆದರೆ ಭದ್ರತಾ ತಪಾಸಣೆಯ ಜಾಗ, ಭದ್ರತಾ ಸಿಬ್ಬಂದಿ, ಬೇಲಿಯ ರಚನೆ ಇವುಗಳತ್ತ ಕ್ಯಾಮೆರಾ ತಿರುಗಿಸಬಾರದು.

ನಾನು ಪಾಲಿಸುವ ಕ್ರಮ ಇಷ್ಟು. ಬೇಲಿಗೆ ಅಂಟಿಕೊಂಡು ನಿಲ್ಲುವುದಿಲ್ಲ. ಸಾರ್ವಜನಿಕ ರಸ್ತೆಯ ಬದಿಯಲ್ಲಿ, ದೂರದಲ್ಲಿ, ಎಲ್ಲರಿಗೂ ಕಾಣುವಂತೆ ನಿಂತು ಆಕಾಶದಲ್ಲಿರುವ ವಿಮಾನವನ್ನಷ್ಟೇ ಹಿಡಿಯುತ್ತೇನೆ. ಗುರುತಿನ ಚೀಟಿ ಜೇಬಿನಲ್ಲಿರುತ್ತದೆ. ಯಾರಾದರೂ ಬಂದು ಕೇಳಿದರೆ ಚಿತ್ರಗಳನ್ನು ತೋರಿಸುತ್ತೇನೆ, ಹೋಗಿ ಎಂದರೆ ಮಾತಿಗೆ ಮಾತು ಬೆಳೆಸದೆ ಹೊರಡುತ್ತೇನೆ. ವಾಯುಪಡೆಯ ನೆಲೆಗಳ ಸುತ್ತ, ಉದಾಹರಣೆಗೆ ಬೆಳಗಾವಿಯ ಸಾಂಬ್ರಾದಲ್ಲಿ, ಕ್ಯಾಮೆರಾ ಹೊರಗೇ ತೆಗೆಯಬೇಡಿ. ಒಳಗಿನಿಂದಲೇ ತೆಗೆಯಬೇಕೆಂಬ ಆಸೆಯಿದ್ದವರು ನಿಲ್ದಾಣದ ನಿರ್ದೇಶಕರ ಕಚೇರಿಗೆ ಕಾರಣ, ದಿನ, ಉಪಕರಣಗಳ ವಿವರದೊಂದಿಗೆ ಮುಂಚಿತವಾಗಿ ಅರ್ಜಿ ಕೊಡಿ.

"ಅಮೆರಿಕದಲ್ಲಿ ಹೇಗೆ? ಪರದೇಶದವರು ಎಂದು ಅನುಮಾನಿಸುವುದಿಲ್ಲವೇ?"

ಅಲ್ಲಿ ಸಾರ್ವಜನಿಕ ಜಾಗದಲ್ಲಿ ನಿಂತು ಕಣ್ಣಿಗೆ ಕಾಣುವುದರ ಫೋಟೊ ತೆಗೆಯಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಎಲಿಂಗ್ಟನ್ ಹೂಸ್ಟನ್ ನಗರಾಡಳಿತಕ್ಕೆ ಸೇರಿದ ವಿಮಾನ ನಿಲ್ದಾಣ. ಆದರೂ ಅದರೊಳಗೆ ಸೇನೆ ಮತ್ತು ಕರಾವಳಿ ಕಾವಲು ಪಡೆಯ ಘಟಕಗಳೂ ಇವೆ. ಎಚ್ಚರಿಕೆಯ ಫಲಕ ಇದ್ದ ಕಡೆ ಅದನ್ನು ಓದಿ ಪಾಲಿಸಿ, ಖಾಸಗಿ ಜಾಗದಲ್ಲಿ ಕಾರು ನಿಲ್ಲಿಸಬೇಡಿ, ಪಾಸ್‌ಪೋರ್ಟಿನ ಪ್ರತಿ ಜೊತೆಗಿರಲಿ.

"ಡ್ರೋನ್ ಹಾರಿಸಿ ಮೇಲಿನಿಂದ ತೆಗೆಯಬಹುದೇ?"

ಬೇಡವೇ ಬೇಡ. ವಿಮಾನ ನಿಲ್ದಾಣದ ಸುತ್ತಲಿನ ಆಕಾಶ ಡ್ರೋನ್‌ಗಳಿಗೆ ನಿರ್ಬಂಧಿತ. ಇಳಿಯುತ್ತಿರುವ ವಿಮಾನದಲ್ಲಿ ಜನರಿದ್ದಾರೆ ಎಂಬುದೊಂದೇ ಸಾಕು, ಬೇರೆ ಕಾರಣ ಬೇಕಿಲ್ಲ.

## ಕ್ಯಾಮೆರಾ, ಬೆಳಕು, ಅಭ್ಯಾಸ

"ನನ್ನ ಹತ್ತಿರ ಮೊಬೈಲ್ ಮಾತ್ರ ಇದೆ. ಸಾಲುವುದೇ?"

ಸಂಗ್ರಹಾಲಯದಲ್ಲಿ ನಿಂತ ವಿಮಾನಕ್ಕೆ ಧಾರಾಳವಾಗಿ ಸಾಲುತ್ತದೆ. ಗಪ್ಪಿಯಂಥ ದೈತ್ಯದ ಹತ್ತಿರ ಮೊಬೈಲಿನ ಅಗಲ ಕೋನವೇ ಅನುಕೂಲ. ಹಾರುವ ಟಿ-38ಕ್ಕೆ ಸಾಲುವುದಿಲ್ಲ.

"ಎಷ್ಟು ಎಂಎಂ ಲೆನ್ಸ್ ಕೊಳ್ಳಲಿ? ಅಂಗಡಿಯವರು 600 ಎನ್ನುತ್ತಾರೆ."

ಕೊಳ್ಳುವ ಮೊದಲು ಒಂದು ಲೆಕ್ಕ ಹಾಕಿ. ವಿಮಾನದ ಉದ್ದವನ್ನು ಲೆನ್ಸಿನ ಎಂಎಂನಿಂದ ಗುಣಿಸಿ, ದೂರದಿಂದ ಭಾಗಿಸಿದರೆ, ಸೆನ್ಸರಿನ (ಕ್ಯಾಮೆರಾದೊಳಗೆ ಬಿಂಬ ಹಿಡಿಯುವ ಫಲಕದ) ಮೇಲೆ ಬೀಳುವ ಬಿಂಬದ ಉದ್ದ ಸಿಗುತ್ತದೆ. ಟಿ-38ರ ಉದ್ದ ಸುಮಾರು 14 ಮೀಟರ್. 500 ಮೀಟರ್ ದೂರದಿಂದ 400 ಎಂಎಂ ಲೆನ್ಸ್‌ನಲ್ಲಿ ಬಿಂಬ 11 ಮಿಲಿಮೀಟರ್ ಚಿಲ್ಲರೆ. ಪೂರ್ಣ ಚೌಕಟ್ಟಿನ ಸೆನ್ಸರ್ 36 ಮಿಲಿಮೀಟರ್ ಅಗಲವಿರುವುದರಿಂದ ವಿಮಾನ ಚಿತ್ರದ ಮೂರನೆಯ ಒಂದು ಭಾಗ ತುಂಬುತ್ತದೆ. ಸಣ್ಣ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾದಲ್ಲಿ ಸುಮಾರು ಅರ್ಧ. ಗಪ್ಪಿ ಸುಮಾರು 44 ಮೀಟರ್ ಉದ್ದ. ಅದೇ ದೂರದಿಂದ 200 ಎಂಎಂ ಸಾಕು. ಆರಂಭಿಸುವವರಿಗೆ ಎಪಿಎಸ್-ಸಿ ಕ್ಯಾಮೆರಾ, ಜೊತೆಗೆ 100-400 ಅಥವಾ 70-300 ಜೂಮ್ ಎಂಬುದೇ ನನ್ನ ಸಲಹೆ. 600ರ ಲೆನ್ಸ್ ಭಾರ, ಬೆಲೆಯೂ ಭಾರ.

"ಪ್ರೊಪೆಲ್ಲರ್ ನಿಂತುಬಿಟ್ಟ ಹಾಗೆ ಬರುತ್ತದೆ. ವಿಮಾನ ಬೀಳುತ್ತಿದೆಯೇನೋ ಅನ್ನಿಸುತ್ತದೆ!"

ಶಟರ್ ವೇಗ ಹೆಚ್ಚಾದುದರಿಂದ, ಅಂದರೆ ಕ್ಯಾಮೆರಾದ ಕಣ್ಣು ತೀರಾ ಕಡಿಮೆ ಹೊತ್ತು ತೆರೆದಿದ್ದುದರಿಂದ ಹೀಗಾಗುತ್ತದೆ. ನಮ್ಮೂರಿಗೆ ಬರುವ ಎಟಿಆರ್-72 ವಿಮಾನದ ಪ್ರೊಪೆಲ್ಲರಿಗೆ ಆರು ಅಲಗು. ಮೇಲೇರುವಾಗ ಅದು ನಿಮಿಷಕ್ಕೆ 1,200 ಸುತ್ತು, ಅಂದರೆ ಸೆಕೆಂಡಿಗೆ 20 ಸುತ್ತು ತಿರುಗುತ್ತದೆ. 1/125 ಸೆಕೆಂಡಿನಲ್ಲಿ ಒಂದು ಅಲಗು ಸುಮಾರು 58 ಡಿಗ್ರಿ ಸರಿಯುತ್ತದೆ. ಅಲಗುಗಳ ನಡುವಿನ ಅಂತರ 60 ಡಿಗ್ರಿ. ಹಾಗಾಗಿ ಚಕ್ರ ತುಂಬಿದಂತೆ ಮಸುಕಾಗಿ ಸೊಗಸಾಗಿ ಬರುತ್ತದೆ. 1/1000ದಲ್ಲಿ ಅಲಗು 7 ಡಿಗ್ರಿ ಸರಿಯುವಷ್ಟರಲ್ಲಿ ಶಟರ್ ಮುಚ್ಚಿರುತ್ತದೆ, ಅಲಗು ಕಟ್ಟಿ ಹಾಕಿದಂತೆ ಕಾಣುತ್ತದೆ.

ಗಪ್ಪಿ ಇನ್ನೂ ಕಷ್ಟ. ಅದರ ನಾಲ್ಕು ಎಂಜಿನ್‌ಗಳ ಪ್ರೊಪೆಲ್ಲರ್‌ಗಳು ನಿಮಿಷಕ್ಕೆ 1,020 ಸುತ್ತು ತಿರುಗುತ್ತವೆ, ಅಲಗು ನಾಲ್ಕೇ. 1/125ರಲ್ಲಿ ಚಕ್ರ ಅರ್ಧ ಮಾತ್ರ ತುಂಬುತ್ತದೆ. ಪೂರ್ತಿ ತುಂಬಬೇಕೆಂದರೆ 1/60ಕ್ಕೆ ಇಳಿಯಬೇಕು. ಅಷ್ಟು ನಿಧಾನದಲ್ಲಿ ವಿಮಾನದ ಮೈ ಸ್ಪಷ್ಟವಾಗಿ ಬರಬೇಕಾದರೆ ಸೊಂಟದಿಂದ ಮೇಲೆ ನೀವೂ ವಿಮಾನದ ವೇಗದಲ್ಲೇ ತಿರುಗಬೇಕು. ಟಿ-38ಕ್ಕೆ ಈ ಚಿಂತೆಯಿಲ್ಲ, 1/1000ಕ್ಕಿಂತ ವೇಗವಾಗಿ ತೆಗೆಯಿರಿ.

"ಅಭ್ಯಾಸಕ್ಕೆ ದಿನಾ ವಿಮಾನ ಎಲ್ಲಿ ಸಿಗಬೇಕು?"

ವಿಮಾನವೇ ಬೇಕಿಲ್ಲ. ಚಲಿಸುವುದನ್ನು ಕ್ಯಾಮೆರಾದಿಂದ ಹಿಂಬಾಲಿಸುವುದಕ್ಕೆ ನಮ್ಮ ಸೀಮೆಯಲ್ಲಿ ಹಾವೇರಿಯ ಹೋರಿ ಹಬ್ಬಕ್ಕಿಂತ ದೊಡ್ಡ ಪಾಠಶಾಲೆ ಇಲ್ಲ. ಕೊಬ್ಬರಿ ಹಾರ, ಬಲೂನು ಕಟ್ಟಿಕೊಂಡ ಹೋರಿ ಅಖಾಡಕ್ಕೆ ನುಗ್ಗುವ ಹೊತ್ತಿಗೆ 1/60ರಲ್ಲಿ ಅದರ ಕಣ್ಣನ್ನು ಸ್ಪಷ್ಟವಾಗಿ ಹಿಡಿದವರು ಗಪ್ಪಿಯನ್ನೂ ಹಿಡಿಯುತ್ತಾರೆ. ಕಟಾಂಜನದ ಹೊರಗೆ, ಎತ್ತರದ ಜಾಗದಲ್ಲಿ ನಿಲ್ಲಿ. ಪ್ರತಿ ವರ್ಷ ಜನ ಗಾಯಗೊಳ್ಳುವ ಆಟ ಅದು.

ಚಳಿಗಾಲದಲ್ಲಾದರೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಬೆಳಗಿನ ಹೊತ್ತು ಸಾಲುಗಟ್ಟಿ ಏಳುತ್ತವೆ. ಗುಂಪಿನಲ್ಲಿ ಯಾವುದರ ಮೇಲೆ ಫೋಕಸ್ ಇಡಬೇಕು ಎಂಬುದನ್ನು ಅವು ಕಲಿಸುತ್ತವೆ. ಎರಡು ಟಿ-38 ಜೊತೆಯಾಗಿ ಬಂದಾಗ ಬೇಕಾಗುವುದು ಅದೇ.

"ಬಿಳಿ ವಿಮಾನ ಒಮ್ಮೆ ಬೂದಿಯಾಗಿ, ಒಮ್ಮೆ ಸುಣ್ಣದ ಗೋಡೆಯಾಗಿ ಬರುತ್ತದೆ. ಏಕೆ?"

ಮೋಡ ಕವಿದ ಬೆಳ್ಳನೆಯ ಆಕಾಶವನ್ನು ಕ್ಯಾಮೆರಾ ಅತಿಯಾದ ಬೆಳಕು ಎಂದು ತಿಳಿದು ಇಡೀ ಚಿತ್ರವನ್ನು ಕಪ್ಪಾಗಿಸುತ್ತದೆ. ಆಗ ಎಕ್ಸ್‌ಪೋಶರ್ ಅನ್ನು ಒಂದು ಸ್ಟಾಪ್, ಅಂದರೆ ಬೆಳಕು ಎರಡು ಪಟ್ಟಾಗುವಷ್ಟು, ಹೆಚ್ಚಿಸಿ. ಕಡುನೀಲಿ ಆಕಾಶದಲ್ಲಿ ಇದರ ತದ್ವಿರುದ್ಧ. ಬಿಳಿ ಮೈಯ ವಿವರ ಸುಟ್ಟುಹೋಗುತ್ತದೆ. ಆಗ ಸ್ಟಾಪಿನ ಮೂರನೆಯ ಒಂದರಿಂದ ಮೂರನೆಯ ಎರಡರಷ್ಟು ತಗ್ಗಿಸಿ, ಬಾಲದ ಬಿಳಿಯಲ್ಲಿ ಮೊಳೆಗಳ ಸಾಲು ಕಾಣುತ್ತಿದೆಯೇ ಎಂದು ಪರದೆಯಲ್ಲಿ ದೊಡ್ಡದು ಮಾಡಿ ನೋಡಿ.

"ಓಡುದಾರಿಯ ಯಾವ ಬದಿಗೆ ನಿಲ್ಲಬೇಕು?"

ಬಹಳ ಜನ ಹೊರದೇಶದ ಪುಸ್ತಕ ಓದಿ ಸದಾ ದಕ್ಷಿಣಕ್ಕೆ ನಿಲ್ಲುತ್ತಾರೆ. ನಮ್ಮಲ್ಲಿ ಅದು ವರ್ಷವಿಡೀ ನಡೆಯುವುದಿಲ್ಲ. ಹುಬ್ಬಳ್ಳಿ 15 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿದೆ, ಓಡುದಾರಿ ಹೆಚ್ಚುಕಡಿಮೆ ಪೂರ್ವ-ಪಶ್ಚಿಮ. ಮೇ ತಿಂಗಳ ಆರಂಭದಿಂದ ಆಗಸ್ಟ್ ಎರಡನೆಯ ವಾರದವರೆಗೆ ಸೂರ್ಯ ನಡುಮಧ್ಯಾಹ್ನವೂ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಆ ದಿನಗಳಲ್ಲಿ ವಿಮಾನದ ಉತ್ತರದ ಮೈಗೇ ಬೆಳಕು. ಮಕರ ಸಂಕ್ರಾಂತಿಯ ಹೊತ್ತಿಗೆ ದಿನವಿಡೀ ದಕ್ಷಿಣದ ಮೈ ಬೆಳಗುತ್ತದೆ.

ಎಲಿಂಗ್ಟನ್‌ನ ಮುಖ್ಯ ಓಡುದಾರಿ ಹೆಚ್ಚುಕಡಿಮೆ ಉತ್ತರ-ದಕ್ಷಿಣ. ಅಲ್ಲಿ ಬೆಳಿಗ್ಗೆ ಪೂರ್ವದ ಬದಿ, ಸಂಜೆ ಪಶ್ಚಿಮದ ಬದಿ.

"ದುಬಾರಿ ಲೆನ್ಸ್ ಕೊಂಡರೂ ಚಿತ್ರ ನೀರಿನೊಳಗಿನಿಂದ ತೆಗೆದಂತೆ ಬರುತ್ತದೆ."

ಲೆನ್ಸಿನ ದೋಷವಲ್ಲ, ಕಾದ ನೆಲದಿಂದ ಏಳುವ ಬಿಸಿಗಾಳಿ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಒಂಬತ್ತರ ನಂತರ ದೂರದ ಚಿತ್ರದ ಆಸೆ ಬಿಡಿ. ಮಳೆ ಬಿದ್ದ ಮರುದಿನ ಬೆಳಿಗ್ಗೆ ಹೋಗಿ.

## ಇನ್ನೂ ಮುಂದಕ್ಕೆ

"ಇಂಥ ವಿಮಾನ ಬರುತ್ತದೆ ಎಂದು ಮೊದಲೇ ತಿಳಿಯುವುದು ಹೇಗೆ?"

ವಿಮಾನಗಳ ಜಾಡು ತೋರಿಸುವ ಮೊಬೈಲ್ ಆ್ಯಪ್‌ಗಳಲ್ಲಿ ಗಪ್ಪಿಯ ನೋಂದಣಿ ಸಂಖ್ಯೆ ಹಾಕಿ ಇಟ್ಟುಕೊಳ್ಳಬಹುದು. ಅದಕ್ಕಿಂತ ಒಳ್ಳೆಯ ದಾರಿ ಸುದ್ದಿ ಓದುವುದು. ದೊಡ್ಡ ನೌಕೆಯೊಂದರ ಪರೀಕ್ಷೆ ಎಲ್ಲೋ ನಡೆಯಲಿದೆ ಎಂದರೆ ಅದನ್ನು ಯಾರೋ ಹೊತ್ತು ತರಲೇಬೇಕು. 2019ರ ನವೆಂಬರ್‌ನಲ್ಲಿ ಚಂದ್ರನತ್ತ ಜನರನ್ನು ಒಯ್ಯಲು ನಾಸಾ ಕಟ್ಟಿದ ಓರಾಯನ್ ನೌಕೆಯನ್ನು ನಿರ್ವಾತ ಪರೀಕ್ಷೆಗಾಗಿ ಗಪ್ಪಿ ಓಹಾಯೊದ ಮ್ಯಾನ್ಸ್‌ಫೀಲ್ಡ್‌ಗೆ ತಂದಾಗ, ಚಳಿಯನ್ನೂ ಲೆಕ್ಕಿಸದೆ ಊರಿನ ಜನ ನೋಡಲು ನೆರೆದಿದ್ದರು.

"ನಮ್ಮ ಇಸ್ರೊಗೂ ಇಂಥ ವಿಮಾನ ಉಂಟೇ?"

ಗಪ್ಪಿಯಂಥದ್ದು ಇಲ್ಲ. ವಾಯುಪಡೆಯ ವಿಮಾನಗಳು ಆ ಕೆಲಸಕ್ಕೆ ಹೆಗಲು ಕೊಡುತ್ತವೆ. ಗಗನಯಾನದ ಪ್ಯಾರಾಚೂಟ್ ಪರೀಕ್ಷೆಗೆ ಝಾನ್ಸಿ ಬಳಿಯ ಬಬೀನಾದಲ್ಲಿ 2022ರ ನವೆಂಬರ್‌ನಲ್ಲಿ ಭಾರವನ್ನು ಕೆಳಗೆ ಬಿಟ್ಟದ್ದು ಐಎಲ್-76 ಸರಕು ವಿಮಾನ. ನಮ್ಮ ಚಿತ್ರದುರ್ಗ ಜಿಲ್ಲೆಯ ಪರೀಕ್ಷಾ ಕೇಂದ್ರದಲ್ಲಿ ರೆಕ್ಕೆಯುಳ್ಳ ನೌಕೆಯನ್ನು ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೊಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು, ಅದು ತಾನೇ ಹಾರಿ ಬಂದು ಓಡುದಾರಿಯಲ್ಲಿ ಇಳಿಯಿತು. 2023ರ ಏಪ್ರಿಲ್ 2ರಂದು ಮೊದಲ ಬಾರಿ, 2024ರಲ್ಲಿ ಮತ್ತೆರಡು ಬಾರಿ. ಅಲ್ಲಿ ಸಾರ್ವಜನಿಕರಿಗೆ ಪ್ರವೇಶವಿಲ್ಲ, ಇಸ್ರೊ ಬಿಡುಗಡೆ ಮಾಡಿದ ಚಿತ್ರಗಳನ್ನೇ ನೋಡಬೇಕು.

ನಾಸಾ ಮತ್ತು ಇಸ್ರೊ ಕೂಡಿ ಮಾಡಿದ ನಿಸಾರ್ ಉಪಗ್ರಹ 2023ರ ಮಾರ್ಚ್‌ನಲ್ಲಿ ಅಮೆರಿಕ ವಾಯುಪಡೆಯ ಸಿ-17ರಲ್ಲಿ ಬೆಂಗಳೂರಿಗೆ ಬಂತು. ಅದರ 12 ಮೀಟರ್ ವ್ಯಾಸದ ಆ್ಯಂಟೆನಾ ತಟ್ಟೆಯನ್ನು ಮಡಚಿದ ಸ್ಥಿತಿಯಲ್ಲಿ 2024ರ ಅಕ್ಟೋಬರ್‌ನಲ್ಲಿ ನಾಸಾದ್ದೇ ಸಿ-130 ವಿಮಾನ ಶಾಂತ ಸಾಗರ ದಾಟಿ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣಕ್ಕೆ ತಂದಿತು. ನಾಸಾದ ಸರಕು ವಿಮಾನ ನಮ್ಮ ರಾಜ್ಯದಲ್ಲೇ ಇಳಿದಿತ್ತು ಎಂದರೆ ಮಕ್ಕಳ ಕಣ್ಣು ಅರಳುತ್ತದೆ. ಅನುಮತಿಯ ತೊಡಕಿಲ್ಲದೆ ದೊಡ್ಡ ಸರಕು ವಿಮಾನಗಳನ್ನು ನೋಡಬೇಕೆಂದರೆ ಯಲಹಂಕದ ಏರೋ ಇಂಡಿಯಾಕ್ಕೆ ಟಿಕೆಟ್ ತೆಗೆದುಕೊಳ್ಳಿ. ಎರಡು ವರ್ಷಕ್ಕೊಮ್ಮೆ, ಫೆಬ್ರುವರಿಯಲ್ಲಿ ನಡೆಯುತ್ತದೆ.

"ನಿಮ್ಮ ಚಿತ್ರಗಳಲ್ಲಿ ಹಾರುವ ವಿಮಾನಕ್ಕಿಂತ ನೆಲದ ಮೇಲಿನ ಕೆಲಸಗಾರರೇ ಹೆಚ್ಚಿದ್ದಾರಲ್ಲ?"

ಅದು ಬೇಕೆಂದೇ ಮಾಡಿದ್ದು. ರಾಕೆಟ್ ಹಾರುವ ಚಿತ್ರವನ್ನು ಪ್ರಪಂಚವೆಲ್ಲ ತೆಗೆಯುತ್ತದೆ. ಆ ದಿನಕ್ಕಿಂತ ಮೊದಲು ವರ್ಷಗಟ್ಟಲೆ ನಡೆಯುವ ಸಾಗಾಟ, ರಿಪೇರಿ, ತಾಲೀಮು ಯಾರ ಗೋಡೆಯ ಮೇಲೂ ಇರುವುದಿಲ್ಲ. ನನಗೆ ಬೇಕಾದದ್ದು ಅದು.

ನನ್ನ ಸಂಗ್ರಹದಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವ ಚಿತ್ರದಲ್ಲಿ ಟಿ-38 ಅರ್ಧವೂ ಇಲ್ಲ. ಎಂಜಿನ್ನಿನ ಬಾಯಿಯ ಹತ್ತಿರ ಮಸಿ ಹಿಡಿದ ಲೋಹ, ಅದರ ಕೆಳಗೆ ಮೊಣಕಾಲೂರಿದ ಒಬ್ಬ ಮೆಕ್ಯಾನಿಕ್, ಕಿವಿಗೆ ಶಬ್ದ ತಡೆಯುವ ಮುಚ್ಚಳ. ಕೈಗವಸು ತೆಗೆದು ಬರಿಗೈಯಲ್ಲಿ ಎಂಜಿನ್ನಿನ ಮುಚ್ಚಳದ ಅಂಚನ್ನು ಸವರಿ ನೋಡುತ್ತಿದ್ದಾನೆ. ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಆ ಚಿತ್ರದ ಮುಂದೆ ಬಹಳ ಹೊತ್ತು ನಿಂತು, "ಬಿರುಕು ಹುಡುಕುತ್ತಿದ್ದಾನೆ, ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತದೆ" ಎಂದರು. ಉಳಿದವರು ವಿಮಾನ ನೋಡಿದ್ದರು, ಅವರು ಕೆಲಸ ನೋಡಿದರು.

"ಚಿತ್ರದ ಕೆಳಗೆ ಏನು ಬರೆದಿಡಬೇಕು?"

ದಿನಾಂಕ, ಸ್ಥಳ, ಬಾಲದ ಸಂಖ್ಯೆ. ನಾಸಾದ ಟಿ-38ಗಳೆಲ್ಲ ಒಂದೇ ರೀತಿ ಕಾಣುತ್ತವೆ, ಸಂಖ್ಯೆಯೊಂದೇ ಗುರುತು. ಹತ್ತು ವರ್ಷದ ನಂತರ ಆ ವಿಮಾನ ಬಿಡಿಭಾಗಗಳಾಗಿ ಹೋಗಿರಬಹುದು ಅಥವಾ ಸಂಗ್ರಹಾಲಯ ಸೇರಿರಬಹುದು. ಸಂಖ್ಯೆಯಿದ್ದರೆ ನಿಮ್ಮ ಚಿತ್ರ ದಾಖಲೆಯಾಗುತ್ತದೆ. ಒಳಗಿದ್ದ ಗಗನಯಾತ್ರಿ ಇಂಥವರು ಎಂದು ಊಹಿಸಿ ಬರೆಯಬೇಡಿ. ಹೆಲ್ಮೆಟ್ ಹಾಕಿದ ಮುಖವನ್ನು 500 ಮೀಟರ್ ದೂರದಿಂದ ಯಾರೂ ಗುರುತಿಸಲಾರರು.

"ನಮ್ಮ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಚಿತ್ರಗಳನ್ನು ಕೊಡುತ್ತೀರಾ?"

ಸಂತೋಷದಿಂದ ಕೊಡುತ್ತೇನೆ, ಹಣ ಬೇಡ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಶಾಲೆಗಳಾದರೆ ನಾನೇ ಬಂದು ತೋರಿಸುತ್ತೇನೆ. ನಾಸಾದ ಸ್ವಂತ ಚಿತ್ರಗಳಿಗೂ ಸಾಮಾನ್ಯವಾಗಿ ಹಕ್ಕುಸ್ವಾಮ್ಯದ ನಿರ್ಬಂಧ ಇರುವುದಿಲ್ಲ. ಮೂಲ ಯಾವುದೆಂದು ನಮೂದಿಸಿ ಮಕ್ಕಳ ಪ್ರದರ್ಶನಕ್ಕೆ ಬಳಸಬಹುದು. ಅದರ ಲಾಂಛನವನ್ನು ಮಾತ್ರ ನಿಮ್ಮ ಆಮಂತ್ರಣ ಪತ್ರಿಕೆಯಲ್ಲಿ ಮುದ್ರಿಸಬೇಡಿ, ಅದಕ್ಕೆ ಬೇರೆ ಅನುಮತಿ ಬೇಕು.